ಮೂವತ್ತೊಂದು ವರ್ಷ ಪಂಜಾಬಿ ಮಾಡಿದ ಭಟ್ಟರು ಪಂಜಾಬ್ ನೋಡಿದ್ದು

ನಮ್ಮ ಹೋಟೆಲಿನವರಿಗೆ ಪ್ರವಾಸ ಎಂದರೆ ಊರಿಗೆ ಹೋಗಿ ಬರುವುದು ಎಂದೇ ಅರ್ಥ. ಮದುವೆ, ಗೃಹಪ್ರವೇಶ, ನಾಗಮಂಡಲ, ಬೊಜ್ಜ, ಇವಿಷ್ಟಕ್ಕೆ ಮಾತ್ರ ನಾವು ಗಲ್ಲೆ ಬಿಟ್ಟು ಏಳುವುದು. ಅದೂ ಎಷ್ಟು ದಿನಕ್ಕೆ? ಶುಕ್ರವಾರ ರಾತ್ರಿ ರೈಲು ಹತ್ತಿ ಸೋಮವಾರ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಮತ್ತೆ ಮುಂಬಯಿಯಲ್ಲಿ ಹಾಜರು. ನಾನೂ ಹಾಗೆಯೇ ಇದ್ದವನು. 1981ರಲ್ಲಿ ಹದಿಮೂರು ವರ್ಷದವನಿದ್ದಾಗ ಊರು ಬಿಟ್ಟು ಬಂದೆ. ಹಗಲು ಹೋಟೆಲಿನ ಮೋರಿಯಲ್ಲಿ ಗ್ಲಾಸು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದೆ. 1992ರಲ್ಲಿ ಉಪನಗರದಲ್ಲಿ ಒಂದು ಸಣ್ಣ ಹೋಟೆಲನ್ನು ಕಂಡಕ್ಟ್‌ಗೆ ಪಡೆದೆ. ಮುಂದೆ ದೇವರ ದಯೆಯಿಂದ ಅದೇ ಜಾಗ ಸ್ವಂತವಾಯಿತು. ಈ ನಲವತ್ತು ವರ್ಷಗಳಲ್ಲಿ ಊರು, ಮುಂಬಯಿ ಮತ್ತು ಮಧ್ಯದ ರಸ್ತೆ ಬಿಟ್ಟರೆ ಹೆಚ್ಚೇನೂ ನೋಡಿರಲಿಲ್ಲ.

ಇಲ್ಲವೆಂದಲ್ಲ, ಒಮ್ಮೆ ಹೋಗಿದ್ದೇವೆ. 2014ರಲ್ಲಿ ಮನೆಯವಳ ಒತ್ತಾಯಕ್ಕೆ ಉತ್ತರ ಭಾರತ ಯಾತ್ರೆ ಎಂಬ ಪ್ಯಾಕೇಜಿನಲ್ಲಿ ಸೇರಿಕೊಂಡೆವು. ಹನ್ನೊಂದು ದಿನ, ಹದಿನಾಲ್ಕು ಸ್ಥಳ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಬಸ್ಸಿಗೆ ತುಂಬುತ್ತಿದ್ದರು. ಬಸ್ಸಿನ ಹಿಂದೆಯೇ ಅಡುಗೆಯವರ ಗಾಡಿ. ಹರಿದ್ವಾರದಲ್ಲಿ ಇಡ್ಲಿ, ಮಥುರೆಯಲ್ಲಿ ಉಪ್ಪಿಟ್ಟು, ಆಗ್ರಾದಲ್ಲಿ ಅನ್ನ, ಸಾರು. ದಿನಾ ನಾನು ಹೋಟೆಲಿನಲ್ಲಿ ಮಾರುವುದನ್ನೇ ದುಡ್ಡು ಕೊಟ್ಟು ಸಾವಿರಾರು ಮೈಲು ದೂರ ಹೋಗಿ ತಿಂದು ಬಂದೆ. ತಾಜಮಹಲಿನ ಎದುರು ನಿಂತಾಗ ತರಕಾರಿ ಬಿಲ್ಲಿನ ವಿಷಯಕ್ಕೆ ಫೋನಿನಲ್ಲಿ ಮಾತಾಡುತ್ತಿದ್ದೆ. ಇವತ್ತು ಯಾರಾದರೂ ಆ ಯಾತ್ರೆಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ ನನಗೆ ನೆನಪಿಗೆ ಬರುವುದು ಬಸ್ಸಿನ ಕಿಟಕಿಯ ನೀಲಿ ಪರದೆ ಮಾತ್ರ.

ಹಾಗಿದ್ದವನು 2023ರ ಫೆಬ್ರವರಿಯಲ್ಲಿ ಒಂದು ಪ್ರವಾಸ ಮಾಡಿದೆ. ಒಂದೇ ಊರು, ಐದು ದಿನ. ಜೊತೆಗೆ ಇದ್ದವರು ನಮ್ಮ ಹೋಟೆಲಿನ ದೊಡ್ಡ ಭಟ್ಟರು.

ಭಟ್ಟರು ಕುಂದಾಪುರದ ಕಡೆಯವರು. ನಾನು ಹೋಟೆಲು ಶುರು ಮಾಡಿದ ಮೊದಲ ತಿಂಗಳಲ್ಲೇ ಬಂದವರು. ಮೊದಲು ಸಾಂಬಾರು, ಪಲ್ಯ, ಚಟ್ನಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಗಿರಾಕಿಗಳು ಕೇಳತೊಡಗಿದರು ಎಂದು ನಾವೂ ಎಲ್ಲರಂತೆ ಮೆನುವಿಗೆ ‘ಪಂಜಾಬಿ’ ಪುಟ ಸೇರಿಸಿದೆವು. ಆಗ ಬಂದ ಗಢವಾಲಿ ಅಡುಗೆಯವನು ಒಂದು ವರ್ಷ ಇದ್ದು ಹೋದ. ಅಷ್ಟರಲ್ಲಿ ಭಟ್ಟರು ಕೆಂಪು ಗ್ರೇವಿ, ಬಿಳಿ ಗ್ರೇವಿ, ದಾಲ್ ಮಖನಿ, ಛೋಲೆ ಎಲ್ಲ ಕಲಿತುಕೊಂಡಿದ್ದರು. ಆಮೇಲೆ ಆ ಭಟ್ಟಿ ಅವರದ್ದೇ. ಅರವತ್ತನಾಲ್ಕು ವರ್ಷಕ್ಕೆ ಮೊಣಕಾಲು ಕೈಕೊಟ್ಟಿತು. ಯುಗಾದಿಗೆ ಊರಿಗೆ ಹೋಗಿ ಇದ್ದುಬಿಡುತ್ತೇನೆ ಎಂದರು. ಲೆಕ್ಕ ಎಲ್ಲ ಮಾಡಿ, ಇನ್ನೇನಾದರೂ ಬೇಕಾ ಎಂದು ಕೇಳಿದೆ. ಉಂಗುರವೋ ವಾಚೋ ಕೊಡುವ ಎಂದು ನನ್ನ ಮನಸ್ಸಿನಲ್ಲಿತ್ತು.

‘ಎಂತ ಬೇಡ ಶೆಟ್ರೆ. ಮೂವತ್ತೊಂದ್ ವರ್ಷ ಪಂಜಾಬಿ ಮಾಡ್ದೆ. ಒಂದ್ಸಲ ಪಂಜಾಬ್ ಕಾಂಬ ಅಂತ ಆಸೆ’ ಎಂದರು.

ನಾನು ನಕ್ಕುಬಿಟ್ಟೆ. ಆಮೇಲೆ ರಾತ್ರಿ ಮಲಗಿದಾಗ ನಗು ಬರಲಿಲ್ಲ. ಟಿಕೆಟು ತೆಗೆಸಿ ಒಬ್ಬರನ್ನೇ ಕಳಿಸಬಹುದಿತ್ತು. ಆದರೆ ಅವರ ಹಿಂದಿ ಅಡುಗೆಮನೆಯ ಹಿಂದಿ. ಉಪ್ಪು ತಾ, ಗ್ಯಾಸು ಕಡಿಮೆ ಮಾಡು, ಅಷ್ಟೆ. ನಾನೇ ಹೊರಟೆ. ಮನೆಯವಳು, ‘ಮೂವತ್ತು ವರ್ಷದಿಂದ ನಾನು ಕೇಳಿದಾಗ ಗಲ್ಲೆ ಬಿಟ್ಟು ಬರಲಿಕ್ಕೆ ಆಗಲಿಲ್ಲ, ಈಗ ಭಟ್ಟರಿಗೆ ಆಯಿತು’ ಎಂದಳು. ಉತ್ತರ ಕೊಡಲಿಲ್ಲ. ಗಲ್ಲೆಯ ಕೀಲಿಕೈ ಅವಳ ಕೈಯಲ್ಲೇ ಕೊಟ್ಟೆ, ಜೊತೆಗೆ ಅಕ್ಕನ ಮಗನನ್ನು ನಿಲ್ಲಿಸಿದೆ. ದಿನಕ್ಕೆ ಒಂದೇ ಸಲ, ರಾತ್ರಿ ಹೋಟೆಲು ಮುಚ್ಚಿದ ಮೇಲೆ ಫೋನು ಮಾಡುವುದು ಎಂದು ಮಾತಾಯಿತು. ನಾನು ಇಲ್ಲದ ದಿನಗಳಲ್ಲಿ ವ್ಯಾಪಾರ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ಭಾನುವಾರ ಜಾಸ್ತಿಯೇ ಆಗಿತ್ತು.

ಮುಂಬಯಿ ಸೆಂಟ್ರಲ್‌ನಿಂದ ಅಮೃತಸರಕ್ಕೆ ಗೋಲ್ಡನ್ ಟೆಂಪಲ್ ಮೇಲ್ ಇದೆ. ಇದು ಹಳೆಯ ಫ್ರಾಂಟಿಯರ್ ಮೇಲ್. 1928ರಲ್ಲಿ ಶುರುವಾದಾಗ ಮುಂಬಯಿಯಿಂದ ಪೇಶಾವರದ ತನಕ ಓಡುತ್ತಿತ್ತು. ದೇಶ ವಿಭಾಗವಾದ ಮೇಲೆ ಅಮೃತಸರದಲ್ಲೇ ನಿಂತಿತು. 1996ರಲ್ಲಿ ಹೆಸರು ಬದಲಾಯಿತು. ಸುಮಾರು 1,900 ಕಿಲೋಮೀಟರ್ ದಾರಿ. ವಿಮಾನದಲ್ಲಿ ಹೋಗೋಣ ಎಂದರೆ ಭಟ್ಟರು ಒಪ್ಪಲಿಲ್ಲ, ಕಿಟಕಿಯಿಂದ ಏನೂ ಕಾಣುವುದಿಲ್ಲವಲ್ಲ ಎಂದರು. ಅವರು ಹೇಳಿದ್ದೇ ಸರಿ. ರತ್ಲಾಮ್, ಕೋಟಾ, ಮಥುರಾ ಎಂದು ಊರುಗಳು ಹಿಂದೆ ಸರಿದಂತೆ ಸ್ಟೇಷನ್ನಿನ ತಿಂಡಿ ಬದಲಾಗುತ್ತದೆ, ಚಹಾದ ಹದ ಬದಲಾಗುತ್ತದೆ, ತಲೆಯ ರುಮಾಲು ಬದಲಾಗುತ್ತದೆ. ಹೊಲಗಳಲ್ಲಿ ಮೊದಲು ಸಾಸಿವೆಯ ಹಳದಿ, ಮುಂದೆ ಗೋಧಿಯ ಹಸಿರು. ನಮ್ಮ ಹೋಟೆಲಿಗೆ ಮೂಟೆಯಲ್ಲಿ ಬರುವ ಗೋಧಿ ನಿಂತಿರುವುದನ್ನು ಭಟ್ಟರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಒಂದು ವಿಷಯ ಬರೆಯಲೋ ಬೇಡವೋ ಎಂದು ಈ ಲೇಖನವನ್ನು ಎರಡು ತಿಂಗಳು ಇಟ್ಟುಕೊಂಡಿದ್ದೆ. ಬರೆಯುತ್ತೇನೆ.

ಮೊದಲ ರಾತ್ರಿ, ವಡೋದರಾ ದಾಟಿದ ಮೇಲೆ ಡಬ್ಬಿಯಲ್ಲಿ ಎಲ್ಲರೂ ಮಲಗಿದ್ದರು. ಭಟ್ಟರು ಕೆಳಗಿನ ಬರ್ತಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಿದ್ದರು. ನಿದ್ದೆ ಬರಲಿಲ್ಲವಾ ಎಂದು ಕೇಳಿದೆ. ‘ರೈಲಂದ್ರೆ ಹಿಂಗೇ ಶೆಟ್ರೆ. ಆ ವರ್ಷ ರೈಲಿರ್ಲಿಲ್ಲ’ ಎಂದರು. ಯಾವ ವರ್ಷ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

1996. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಇನ್ನೂ ಎರಡು ವರ್ಷ ಇತ್ತು. ಊರಿನ ಅಂಗಡಿಯ ಫೋನಿನಿಂದ ಸುದ್ದಿ ಬಂತು, ಭಟ್ಟರ ಅಮ್ಮನಿಗೆ ಜೋರಾಗಿದೆ ಎಂದು. ಅದು ಬುಧವಾರ. ಶನಿವಾರ ನಮ್ಮಲ್ಲಿ ಮುನ್ನೂರು ಜನರ ಊಟದ ಆರ್ಡರ್ ಇತ್ತು. ಹೋಟೆಲು ಆಗ ಸಾಲದಲ್ಲಿ, ಇನ್ನೊಬ್ಬ ಅಡುಗೆಯವನು ಅದೇ ವಾರ ಬಿಟ್ಟು ಹೋಗಿದ್ದ. ‘ಶನಿವಾರ ಮುಗಿಸಿ ಹೋಗಿ ಭಟ್ರೇ, ವಯಸ್ಸಾದವರಿಗೆ ಹೀಗೆ ಆಗ್ತಾ ಇರ್ತದೆ’ ಎಂದು ನಾನೇ ಹೇಳಿದೆ. ಅವರು ಎದುರು ಮಾತಾಡಲಿಲ್ಲ. ಶನಿವಾರ ರಾತ್ರಿ ಪಾತ್ರೆ ತೊಳೆಸಿ ಬಸ್ಸು ಹತ್ತಿದರು. ಇಡೀ ದಿನಕ್ಕೂ ಮಿಕ್ಕಿದ ದಾರಿ, ನಡುವೆ ಬಸ್ಸೂ ಕೆಟ್ಟಿತು. ತಲುಪುವಾಗ ಚಿತೆಯ ಬೂದಿ ಮಾತ್ರ ಇತ್ತು. ಆ ವರ್ಷ ಬೋನಸ್ಸಿಗೆ ಎರಡು ಸಾವಿರ ಜಾಸ್ತಿ ಕೊಟ್ಟೆ. ಇಪ್ಪತ್ತೇಳು ವರ್ಷ ಅವರು ಆ ಬಗ್ಗೆ ಒಂದು ಅಕ್ಷರ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ರೈಲಿನಲ್ಲಿ ಅವರು ಹೇಳಿದ್ದು ಇಷ್ಟೇ. ‘ಬುಧವಾರದ್ ಬಸ್ಸಿಗೆ ಹೊರಟಿದ್ರೆ ಅಮ್ಮನ್ನ ಕಾಣ್ತಿದ್ದೆ.’ ಬೈಯುವ ಸ್ವರ ಅಲ್ಲ. ಸಾಂಬಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ ಎಂದು ಹೇಳುವಾಗ ಇರುವ ಸ್ವರ. ‘ತಪ್ಪು ನನ್ನದು ಭಟ್ರೇ’ ಎಂದೆ. ಅವರು ಅದಕ್ಕೆ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಮನೆಯಲ್ಲಿ ಮಾಡಿಸಿ ತಂದಿದ್ದ ಅವಲಕ್ಕಿ ತೆಗೆದು, ನನಗೂ ಒಂದು ಮುಷ್ಟಿ ಕೊಟ್ಟರು.

ಅಮೃತಸರದಲ್ಲಿ ಸ್ವರ್ಣಮಂದಿರದ ಹತ್ತಿರದ ಗಲ್ಲಿಯಲ್ಲಿ ಒಂದು ಸಣ್ಣ ಲಾಡ್ಜು ಹಿಡಿದೆವು. ಮಂದಿರದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಟಿವಿಯಲ್ಲಿ ಎಲ್ಲರೂ ನೋಡಿದ್ದೀರಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಾಲು ತೊಳೆದು ಒಳಗೆ ಹೋಗಬೇಕು. ನಾಲ್ಕು ದಿಕ್ಕಿಗೂ ಬಾಗಿಲು. ಚುಮುಚುಮು ಬೆಳಗಿನ ಚಳಿಯಲ್ಲಿ ಸರೋವರದ ನೀರಿನ ಮೇಲೆ ಚಿನ್ನದ ನೆರಳು, ಕೀರ್ತನೆಯ ಸ್ವರ. ಅವರ ಗ್ರಂಥಸಾಹೇಬದಲ್ಲಿ ಕಬೀರರ, ರವಿದಾಸರ, ನಮ್ಮ ಮಹಾರಾಷ್ಟ್ರದ ನಾಮದೇವರ ಪದಗಳೂ ಸೇರಿವೆ.

ನಾನು ಬರೆಯಬೇಕಾದದ್ದು ಲಂಗರಿನ ಬಗ್ಗೆ. ನಾವೆಲ್ಲ ಅಡುಗೆಯ ಧಂದೆಯವರು. ಮುನ್ನೂರು ಜನರ ಆರ್ಡರ್ ಬಂದರೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಅಲ್ಲಿ ಸಾಧಾರಣ ದಿನವೇ ಐವತ್ತು ಸಾವಿರ ಜನ ಊಟ ಮಾಡುತ್ತಾರೆ, ಹಬ್ಬದ ದಿನ ಲಕ್ಷ ದಾಟುತ್ತದೆ. ಹಗಲು ರಾತ್ರಿ ಬಾಗಿಲು ಮುಚ್ಚುವುದಿಲ್ಲ. ಕೂಪನ್ ಇಲ್ಲ, ಟೋಕನ್ ಇಲ್ಲ. ಒಳಗೆ ಹೋಗುವಾಗ ಒಬ್ಬರು ತಟ್ಟೆ ಕೊಡುತ್ತಾರೆ, ಒಬ್ಬರು ಬಟ್ಟಲು, ಒಬ್ಬರು ಚಮಚ. ಚಾಪೆಯ ಮೇಲೆ ಸಾಲಾಗಿ ಕುಳಿತ ಕೂಡಲೇ ಬಕೆಟ್ ಹಿಡಿದವರು ಬರುತ್ತಾರೆ. ದಾಲ್, ಪಲ್ಯ, ಖೀರು. ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ, ಎರಡೂ ಕೈ ಜೋಡಿಸಿ ಒಡ್ಡಬೇಕು, ಕೈಗೆ ಹಾಕುತ್ತಾರೆ. ಸಾಲು ಎದ್ದ ಕೂಡಲೇ ನೆಲ ಒರೆಸಿ ಆಯಿತು, ಮುಂದಿನ ಸಾಲು ಕುಳಿತೂ ಆಯಿತು. ನಾನು ವಾಚು ನೋಡಿದೆ, ಒಂದು ಪಂಕ್ತಿಗೆ ಹದಿನೈದು ನಿಮಿಷದ ಆಸುಪಾಸು. ಮಧ್ಯಾಹ್ನದ ರಶ್ಶಿನಲ್ಲಿ ನಮ್ಮ ಟೇಬಲ್ಲು ತಿರುಗುವ ಲೆಕ್ಕ ನಿಮಗೇ ಗೊತ್ತಿದೆ. ರೊಟ್ಟಿಗೆ ಯಂತ್ರವೂ ಇದೆ, ಕೈಯಲ್ಲಿ ಲಟ್ಟಿಸುವವರೂ ಇದ್ದಾರೆ. ಸಂಬಳದವರು ಸ್ವಲ್ಪ ಮಂದಿ, ಉಳಿದವರೆಲ್ಲ ಸೇವೆಗೆ ಬಂದವರು. ಈರುಳ್ಳಿ ಹೆಚ್ಚುವವರಲ್ಲಿ ವಾಚು ಕಟ್ಟಿದ ಆಫೀಸರನಂಥವರೂ ಇದ್ದರು, ಅವರ ಪಕ್ಕದಲ್ಲಿ ರಿಕ್ಷಾದವನೂ ಇದ್ದ. (ಜಿಎಸ್‌ಟಿ ಎಂದರೆ ಕಿವಿ ನೆಟ್ಟಗಾಗುವ ನಮ್ಮವರಿಗೆ ಒಂದು ಮಾತು: ಇಂಥ ಉಚಿತ ಅನ್ನದಾನಕ್ಕೆ ಕೊಂಡ ಸಾಮಾನಿನ ಮೇಲಿನ ತೆರಿಗೆಯಲ್ಲಿ ಕೇಂದ್ರದ ಪಾಲನ್ನು ಮರಳಿಸಲು 2018ರಲ್ಲಿ ಸೇವಾ ಭೋಜ್ ಎಂಬ ಯೋಜನೆ ಬಂದಿದೆ.)

ಭಟ್ಟರು ಹೊರಗಿನ ಊಟ ಮಾಡುವವರಲ್ಲ. ಹೋಟೆಲಿನಲ್ಲಿ ದಿನಾ ಕಿಲೋಗಟ್ಟಲೆ ಬೆಳ್ಳುಳ್ಳಿ ಹುರಿದರೂ ತಾವು ತಿನ್ನುವುದು ಬೇರೆ ಮಾಡಿಟ್ಟ ಅನ್ನ, ಸಾರು. ಅವರಿಗೆ ಏನು ಮಾಡುವುದು ಎಂದು ನನಗೆ ರೈಲಿನಲ್ಲೇ ಯೋಚನೆ ಇತ್ತು. ಹಣ್ಣು, ಹಾಲು ಸಿಗುತ್ತದೆ ಎಂದುಕೊಂಡಿದ್ದೆ. ಲಂಗರಿನ ಬಾಗಿಲಲ್ಲಿ, ನೀವು ಹೊರಗೆ ಇರುತ್ತೀರಾ ಎಂದು ಕೇಳಿದೆ. ಅವರು ಉತ್ತರ ಹೇಳದೆ ತಟ್ಟೆ ತೆಗೆದುಕೊಂಡರು. ಒಂದು ಬದಿಯಲ್ಲಿ ನಾನು, ಇನ್ನೊಂದು ಬದಿಯಲ್ಲಿ ಮಣ್ಣು ಮೆತ್ತಿದ ಅಂಗಿಯ ಒಬ್ಬ ಕೂಲಿ, ನಡುವೆ ನಮ್ಮ ಭಟ್ಟರು. ರೊಟ್ಟಿಯವನು ಬಂದಾಗ ಎರಡೂ ಕೈ ಒಡ್ಡಿದರು. ದಾಲ್ ಎರಡನೆಯ ಸಲ ಹಾಕಿಸಿಕೊಂಡರು. ನಾನು ನೋಡದವನಂತೆ ತಲೆ ತಗ್ಗಿಸಿ ಉಂಡೆ. ಊರಿನ ಪಂಕ್ತಿಗಳಲ್ಲಿ ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ನೋಡುತ್ತಾ ಬೆಳೆದವರು ನಾವು. ಎದ್ದ ಮೇಲೆ ಭಟ್ಟರು ಹೇಳಿದ್ದು ಒಂದೇ ಮಾತು, ‘ಶೆಟ್ರೆ, ಇಲ್ ಗಲ್ಲೆಯೇ ಇಲ್ಲ ಅಲ್ದಾ.’

ಮರುದಿನದಿಂದ ನಾವೂ ಸೇವೆಗೆ ನಿಂತೆವು. ಯಾರೂ ಹೆಸರು ಕೇಳುವುದಿಲ್ಲ, ಕೈಗೆ ಕೆಲಸ ಕೊಡುತ್ತಾರೆ. ಭಟ್ಟರು ರೊಟ್ಟಿ ಲಟ್ಟಿಸುವವರ ಸಾಲಿಗೆ ಹೋದರು. ಪಕ್ಕದ ಮುದುಕಿ ಅವರ ರೊಟ್ಟಿ ನೋಡಿ ತಲೆ ಅಲ್ಲಾಡಿಸಿ, ಲಟ್ಟಣಿಗೆ ಕಿತ್ತುಕೊಂಡು ಹೇಗೆ ಎಂದು ತೋರಿಸಿದಳು. ಮೂವತ್ತೊಂದು ವರ್ಷದ ಅನುಭವಿ! ನಮ್ಮ ಅಡುಗೆಮನೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಆವತ್ತು ಸಾಂಬಾರೇ ಇರುತ್ತಿರಲಿಲ್ಲ. ಅಲ್ಲಿ ನಗುತ್ತಾ ಕಲಿತರು.

ನಾನು ಪಾತ್ರೆ ತೊಳೆಯುವ ಕಡೆಗೆ ಹೋದೆ. ಸಾಲು ತೊಟ್ಟಿಗಳು, ಒಂದರಲ್ಲಿ ತೊಳೆದದ್ದು ಇನ್ನೊಂದಕ್ಕೆ ಹೋಗುತ್ತದೆ. ಸಾವಿರಾರು ಸ್ಟೀಲ್ ತಟ್ಟೆಗಳ ಸದ್ದು ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಹಾಗೆ. ಮೋರಿಯಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಕೈಗೆ ನೆನಪಿತ್ತು, ಸೊಂಟಕ್ಕೆ ಇರಲಿಲ್ಲ. ಒಂದು ಗಂಟೆಗೆ ಸುಸ್ತಾದೆ. ನಮ್ಮ ಮೋರಿಯಲ್ಲಿ ಹತ್ತು ಗಂಟೆ ನಿಲ್ಲುವ ಹುಡುಗನ ಮುಖ ಕಣ್ಣಿಗೆ ಬಂತು. ಹೆಸರು ತಕ್ಷಣ ನೆನಪಾಗಲಿಲ್ಲ. ಸುಳ್ಳು ಹೇಳುವುದಿಲ್ಲ, ರಾತ್ರಿ ಫೋನು ಮಾಡಿದಾಗ ಮನೆಯವಳನ್ನು ಕೇಳಿ ತಿಳಿದುಕೊಂಡೆ.

ಅಲ್ಲೊಬ್ಬ ಬಿಳಿ ಗಡ್ಡದ ಸರ್ದಾರ್‌ಜಿ ಎಲ್ಲಿಂದ ಬಂದಿದ್ದು ಎಂದು ಕೇಳಿದರು. ಮುಂಬಯಿ, ಮೂಲ ಕರ್ನಾಟಕ ಎಂದೆ. ‘ಓ, ಬಿದರ್!’ ಎಂದು ಎರಡೂ ಕೈ ಹಿಡಿದುಕೊಂಡರು. ಗುರು ನಾನಕರ ಝೀರಾ ಇರುವ ಬೀದರಿಗೆ ಅವರು ಎರಡು ಸಲ ಬಂದಿದ್ದರಂತೆ. 1699ರಲ್ಲಿ ಗುರು ಗೋವಿಂದ ಸಿಂಗರು ಆನಂದಪುರದಲ್ಲಿ ಖಾಲ್ಸಾ ಕಟ್ಟುವಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರು ಎಂದು ಅವರೇ ನನಗೆ ಹೇಳಿದರು. ನೀವು ಬೀದರಿನಲ್ಲಿ ಏನೇನು ನೋಡಿದ್ದೀರಿ ಎಂದು ಅವರು ಕೇಳಿದಾಗ ನಾನು ಏನು ಹೇಳುವುದು? ಮುಂಬಯಿಯಿಂದ ಬೀದರಿಗೆ ನೇರ ರೈಲೇ ಇದೆ. ರಾಜ್ಯೋತ್ಸವದಲ್ಲಿ ವರ್ಷಾ ವರ್ಷಾ ಭಾಷಣ ಕೇಳುತ್ತೇವೆ, ಬೀದರ್ ನೋಡಿಲ್ಲ. (ಮರುವರ್ಷ ಮನೆಯವಳನ್ನು ಕರೆದುಕೊಂಡು ಹೋಗಿ ಬಂದೆ. ಝೀರಾದ ನೀರು ಕುಡಿದೆವು, ಕೋಟೆ ಮತ್ತು ಮಹಮೂದ್ ಗವಾನನ ಮದರಸಾ ನೋಡಿದೆವು. ಅವಳ ಸಿಟ್ಟು ಅರ್ಧ ಇಳಿದಿದೆ.)

ಜಲಿಯನ್‌ವಾಲಾ ಬಾಗ್ ಮಂದಿರದಿಂದ ನಡೆದು ಹೋಗುವಷ್ಟೇ ದೂರ. 1919ರ ಏಪ್ರಿಲ್ 13, 1,650 ಗುಂಡು ಎಂದು ರಾತ್ರಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆಗೆ ಬಂದಿತ್ತು ಕೂಡ. ಆ ಇಕ್ಕಟ್ಟಿನ ದಾರಿಯ ಗೋಡೆಗೆ 2021ರ ನವೀಕರಣದಲ್ಲಿ ಶಿಲ್ಪಗಳನ್ನು ಕೂರಿಸಿದ್ದಾರೆ. ನನಗೆ ಅದು ಹಿಡಿಸಲಿಲ್ಲ, ಬರೀ ಗೋಡೆಯೇ ಸಾಕಿತ್ತು. ಬಾವಿಯ ಹತ್ತಿರ ಭಟ್ಟರು ತುಂಬಾ ಹೊತ್ತು ನಿಂತರು. ಟೌನ್‌ಹಾಲಿನಲ್ಲಿ 2017ರಲ್ಲಿ ತೆರೆದ ದೇಶ ವಿಭಜನೆಯ ಮ್ಯೂಸಿಯಮ್ಮಿಗೂ ಹೋದೆವು. ಮನೆ ಬಿಟ್ಟು ಓಡಿ ಬಂದವರ ಪೆಟ್ಟಿಗೆ, ಪಾತ್ರೆ, ಬಟ್ಟೆ ಇಟ್ಟಿದ್ದಾರೆ. ಸಾಯನ್ ಕೋಳಿವಾಡದ ಪಂಜಾಬಿ ಕ್ಯಾಂಪಿನ ಮುದುಕರು ನಮ್ಮ ಹಳೆಯ ಗಿರಾಕಿಗಳು. ಅವರು ಚಹಾ ಕುಡಿಯುತ್ತಾ ಲಾಹೋರ್ ಎಂದು ಹೇಳುವಾಗ ನಾನು ಹಿಂದಿನ ಟೇಬಲ್ಲಿನ ಬಿಲ್ಲು ನೋಡುತ್ತಿದ್ದೆ. ಈಗ ಅವರಲ್ಲಿ ಹೆಚ್ಚಿನವರು ಇಲ್ಲ.

ಇನ್ನು ಪಂಜಾಬಿ ಅಡುಗೆ. ಭಟ್ಟರು ಹೋದದ್ದೇ ಅದಕ್ಕಲ್ಲವೇ! ಐದು ದಿನ ಹಣ್ಣು, ಹಾಲು ಎಂದು ನಾನು ಲೆಕ್ಕ ಹಾಕಿದ್ದು ಪೂರಾ ತಪ್ಪಾಯಿತು. ಲಂಗರಿನ ಆ ಊಟದ ಮೇಲೆ ಅವರು ಎಲ್ಲ ರುಚಿ ನೋಡಿದರು. ತಂದೂರಿನಿಂದ ತೆಗೆದು ಬೆಣ್ಣೆ ಹಚ್ಚಿದ ಪದರು ಪದರಾದ ಆಲೂ ಕುಲ್ಚಾ, ಜೊತೆಗೆ ಛೋಲೆ, ಹುಣಸೆಹಣ್ಣಿನ ಹುಳಿ ಚಟ್ನಿ. ಚಳಿಗಾಲವಾದ್ದರಿಂದ ಸಾಸಿವೆ ಸೊಪ್ಪಿನ ಸಾಗ್, ಜೋಳದ ರೊಟ್ಟಿ – ಅವರ ಜೋಳ ಎಂದರೆ ನಮ್ಮ ಮುಸುಕಿನ ಜೋಳ. ನಮ್ಮ ಗುಜರಾತಿ ಗಿರಾಕಿಗಳಿಗಾಗಿ ನಾವು ಸಕ್ಕರೆ ಹಾಕಿ ಮಾಡುವ ಕೆಂಪು ಗ್ರೇವಿಯ ಆ ಸಿಹಿ ನಮಗೆ ಅಲ್ಲಿ ಎಲ್ಲೂ ಸಿಗಲಿಲ್ಲ. ಒಂದು ಢಾಬಾದಲ್ಲಿ ಕಪ್ಪು ದಾಲ್ ತಿಂದು ಭಟ್ಟರು ಸುಮ್ಮನಾದರು. ಆಮೇಲೆ ನನ್ನನ್ನು ಎಳೆದುಕೊಂಡು ಒಲೆಯ ಹತ್ತಿರ ಹೋದರು. ಇಡೀ ಉದ್ದನ್ನು ನೆನೆಸಿ, ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಕುಕ್ಕರ್ ಇಲ್ಲ. ಗಟ್ಟಿಯಾಗುವುದು ಕ್ರೀಮಿನಿಂದ ಅಲ್ಲ, ಹೊತ್ತಿನಿಂದ. ‘ನಾ ಇಷ್ಟ್ ವರ್ಷ ಮಾಡಿದ್ ದಾಲ್ ಮಖನಿ ಅಲ್ಲ ಶೆಟ್ರೆ, ಕ್ರೀಮಿನ್ ಸಾರು’ ಎಂದರು. ಬೇಸರ ಇತ್ತೋ ಸಂತೋಷ ಇತ್ತೋ, ಎರಡೂ ಇತ್ತು.

ಮುಂಬಯಿಗೆ ಬಂದ ಮೇಲೆ ಊರಿಗೆ ಹೊರಡಲು ಅವರಿಗೆ ಮೂರು ವಾರ ಇತ್ತು. ಆ ಮೂರು ವಾರ ನಮ್ಮ ಹೊಸ ಅಡುಗೆಯವನಿಗೆ ಬೇರೆ ಏನೂ ಕಲಿಸಲಿಲ್ಲ, ದಾಲ್ ಮಾತ್ರ. ರಾತ್ರಿ ಒಲೆ ಉರಿಸಿಟ್ಟು ಹೋಗಲು ನಾನು ಬಿಡಲಿಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೆ ಇಟ್ಟು ಸಂಜೆ ಏಳಕ್ಕೆ ಇಳಿಸುತ್ತೇವೆ. ಗ್ಯಾಸಿನ ಬಿಲ್ಲು ಏರಿದೆ, ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿದ್ದೇವೆ, ಸಂಜೆ ಒಂಬತ್ತಕ್ಕೆ ಮುಗಿದುಹೋಗುತ್ತದೆ. ಭಟ್ಟರು ಊರಿನಿಂದ ಈಗಲೂ ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಮೊದಲು ದಾಲ್ ಬಗ್ಗೆ ಕೇಳಿ, ಆಮೇಲೆ ನನ್ನ ಆರೋಗ್ಯ ಕೇಳುತ್ತಾರೆ. 1996ರ ವಿಷಯ ಮತ್ತೆ ಬಂದಿಲ್ಲ. ನಾನೂ ತೆಗೆದಿಲ್ಲ. ನಮ್ಮಲ್ಲಿ ಈಗ ಊರಿನಿಂದ ಅಂಥ ಫೋನು ಬಂದರೆ ಆರ್ಡರ್ ಎಷ್ಟೇ ದೊಡ್ಡದಿರಲಿ, ಅದೇ ದಿನ ಟಿಕೆಟ್ಟು.

ಸರಕಾರಿ ನೌಕರರಿಗೆ ಎಲ್‌ಟಿಸಿ ಇದೆ. ನಮ್ಮ ಅಡುಗೆಯವರಿಗೆ, ಸಪ್ಲೈಯರ್‌ಗಳಿಗೆ ಏನಿದೆ? ಇಪ್ಪತ್ತು ವರ್ಷ ದುಡಿದವರನ್ನು ವರ್ಷಕ್ಕೊಮ್ಮೆ ನಮ್ಮ ಸಂಘದಿಂದ ಒಂದು ಊರಿಗೆ ಕರೆದುಕೊಂಡು ಹೋಗುವ ಯೋಚನೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಇಡಬೇಕೆಂದಿದ್ದೇನೆ. ಒಂದೇ ಊರು ಸಾಕು, ಹದಿನಾಲ್ಕು ಬೇಡ. ಊರನ್ನು ಆರಿಸುವುದು ಅವರೇ ಆಗಲಿ. ಮಾಲೀಕರಲ್ಲಿ ಒಬ್ಬಿಬ್ಬರು ಜೊತೆಗೆ ಹೋಗಲಿ, ಅದೇ ಕ್ಲಾಸಿನಲ್ಲಿ. ಮೊದಲ ಕಂತಿಗೆ ಹತ್ತು ಸಾವಿರ ನನ್ನ ಲೆಕ್ಕದಲ್ಲಿ ಬರೆದುಕೊಳ್ಳಿ.

ನಮ್ಮ ಹೋಟೆಲಿನಿಂದ ಮೊದಲ ಹೆಸರು ದೋಸೆ ಕಲ್ಲಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ನಿಂತಿರುವವನದ್ದು. ಹೋದ ವಾರ ಅವನನ್ನು ಕರೆದು, ಎಲ್ಲಿಗೆ ಹೋಗಬೇಕು ಎಂದು ಆಸೆ ಇದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಕಲ್ಲಿಗೆ ನೀರು ಚಿಮುಕಿಸುತ್ತಾ ನಿಂತು, ‘ಮೈಸೂರು’ ಎಂದ. ದಿನಕ್ಕೆ ನೂರಕ್ಕೂ ಹೆಚ್ಚು ಮೈಸೂರು ಮಸಾಲೆ ಹಾಕುತ್ತಾನೆ, ಮೈಸೂರು ನೋಡಿಯೇ ಇಲ್ಲವಂತೆ.